ಸಿಕ್ಕಿಂ ಸೇರಿತು, ಭೂತಾನ್ ಯಾಕೆ ಸೇರಲಿಲ್ಲ?

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ನೆರೆಯ ದೇಶಗಳ ಪಾಠ ಮಾಡುವಾಗ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ನಕಾಶೆ ಮೇಲೆ ಬೆರಳಿಟ್ಟು, "ಮಿಸ್, ಸಿಕ್ಕಿಂ ಇಂಡಿಯಾಕ್ಕೆ ಸೇರ್ತು. ಪಕ್ಕದಲ್ಲೇ ಇರೋ ಭೂತಾನ್ ಯಾಕೆ ಸೇರಲಿಲ್ಲ? ಅಲ್ಲಿ ರಾಜನೂ ಇದಾನೆ, ಓಟೂ ಇದೆ ಅಂತೀರಿ. ಹಾಗಾದ್ರೆ ಆಳೋದು ಯಾರು?" ಎಂದಳು. ಪಠ್ಯಪುಸ್ತಕದಲ್ಲಿ ಇರುವುದು ನಾಲ್ಕು ಸಾಲು. ಆ ದೇಶದ ನೆಲ, ಚರಿತ್ರೆ, ಆಡಳಿತ ಮೂರನ್ನೂ ಸೇರಿಸಿ ಸ್ವಲ್ಪ ವಿವರವಾಗಿ ತಿಳಿಸುವಿರಾ?

ಉತ್ತರ: ಆ ಹುಡುಗಿಗೆ ಮೊದಲು ನನ್ನ ಶಹಬ್ಬಾಸ್ ಹೇಳಿ. ಅವಳು ಕೇಳಿದ್ದನ್ನೇ ಭೂತಾನಿನ ಅರಮನೆ ದಶಕಗಳ ಕಾಲ ಮನಸ್ಸಿನಲ್ಲಿಟ್ಟುಕೊಂಡು ಹೆಜ್ಜೆ ಹಾಕಿದೆ. ವಿಶ್ವಸಂಸ್ಥೆಯ ಸದಸ್ಯತ್ವಕ್ಕೆ ಆತುರಪಟ್ಟದ್ದು, ದೊರೆ ತಾನಾಗಿ ಅಧಿಕಾರ ಬಿಟ್ಟದ್ದು, ಒಂದು ಲಕ್ಷ ಜನ ಊರುಮನೆ ಕಳೆದುಕೊಂಡದ್ದು, ಇವೆಲ್ಲದರ ಹಿಂದೆ 'ನಮಗೂ ಸಿಕ್ಕಿಮಿನ ಗತಿ ಬಂದರೆ?' ಎಂಬ ಆತಂಕ ಕೆಲಸ ಮಾಡಿದೆ ಎಂದು ನಾನು ತಿಳಿದಿದ್ದೇನೆ. ಅವಳು ನಕಾಶೆ ಮೇಲೆ ಬೆರಳಿಟ್ಟಿದ್ದಾಳಲ್ಲ, ನಾವೂ ಅಲ್ಲಿಂದಲೇ ಹೊರಡೋಣ.

ಭೂತಾನಿನ ವಿಸ್ತೀರ್ಣ ಸುಮಾರು 38,400 ಚದರ ಕಿ.ಮೀ. ನಮ್ಮ ಕರ್ನಾಟಕವನ್ನು ಐದು ಪಾಲು ಮಾಡಿದರೆ ಒಂದು ಪಾಲು. 2017ರ ಜನಗಣತಿಯ ಪ್ರಕಾರ ಅಲ್ಲಿನ ಜನಸಂಖ್ಯೆ 7.27 ಲಕ್ಷ, ನಮ್ಮ ಕೊಡಗು ಜಿಲ್ಲೆಯ ಸುಮಾರು ಒಂದೂಕಾಲು ಪಟ್ಟು, ಅಷ್ಟೆ. ಉತ್ತರಕ್ಕೆ ಟಿಬೆಟ್, ಉಳಿದ ಮೂರೂ ದಿಕ್ಕಿಗೆ ಭಾರತ: ಪಶ್ಚಿಮದಲ್ಲಿ ಸಿಕ್ಕಿಂ, ದಕ್ಷಿಣದಲ್ಲಿ ಪಶ್ಚಿಮ ಬಂಗಾಳ ಮತ್ತು ಅಸ್ಸಾಂ, ಪೂರ್ವದಲ್ಲಿ ಅರುಣಾಚಲ ಪ್ರದೇಶ. ಸಮುದ್ರವಿಲ್ಲ. ಗೋಡೆಗೆ ನೇತುಹಾಕುವ ನಕಾಶೆ ಹೇಳದ ಸಂಗತಿಯೆಂದರೆ ಎತ್ತರ. ಅಸ್ಸಾಮಿನ ಅಂಚಿನಲ್ಲಿ ನೆಲ ಸಮುದ್ರಮಟ್ಟದಿಂದ ಬರೀ ನೂರು ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಉತ್ತರಕ್ಕೆ ಕಾಗೆ ಹಾರುವ ಲೆಕ್ಕದಲ್ಲಿ ನೂರೈವತ್ತು ಕಿ.ಮೀ. ಹೋಗುವಷ್ಟರಲ್ಲಿ ಅದು ಏಳು ಸಾವಿರ ಮೀಟರ್ ದಾಟುತ್ತದೆ. ಗಂಗ್‌ಖರ್ ಪುಯೆನ್ಸಮ್ ಶಿಖರದ ಎತ್ತರ 7,570 ಮೀಟರ್. ಮನುಷ್ಯರು ಇನ್ನೂ ಹತ್ತದ ಶಿಖರಗಳಲ್ಲಿ ಜಗತ್ತಿನಲ್ಲೇ ಅತಿ ಎತ್ತರದ್ದು ಅದು. ಹತ್ತಲು ಯಾರೂ ಇಲ್ಲವೆಂದಲ್ಲ, ಸರ್ಕಾರ ಬಿಡುವುದಿಲ್ಲ. ಬೆಟ್ಟದ ನೆತ್ತಿ ದೇವರ ಜಾಗ ಎಂಬುದು ಜನರ ನಂಬಿಕೆ. 1994ರಲ್ಲಿ ಆರು ಸಾವಿರ ಮೀಟರಿಗಿಂತ ಎತ್ತರದ ಶಿಖರಗಳ ಆರೋಹಣವನ್ನು ನಿಷೇಧಿಸಿದರು, 2003ರಲ್ಲಿ ಪರ್ವತಾರೋಹಣವನ್ನೇ ಪೂರ್ತಿ ನಿಲ್ಲಿಸಿದರು.

ನದಿಗಳೆಲ್ಲ ಉತ್ತರದಿಂದ ದಕ್ಷಿಣಕ್ಕೆ ಇಳಿಯುತ್ತವೆ: ಅಮೊ ಛು, ವಾಂಗ್ ಛು, ಪುನತ್ಸಾಂಗ್ ಛು, ಮಾಂಗ್ದೆ ಛು, ದ್ರಾಂಗ್ಮೆ ಛು. 'ಛು' ಎಂದರೆ ನೀರು. ಬಯಲಿಗೆ ಬಂದ ಮೇಲೆ ಇವೇ ತೋರ್ಸಾ, ರೈಡಾಕ್, ಸಂಕೋಶ್, ಮಾನಸ್ ಎಂದು ಹೆಸರು ಬದಲಿಸಿಕೊಂಡು ಬ್ರಹ್ಮಪುತ್ರ ಸೇರುತ್ತವೆ. ಎರಡು ನದಿಗಳ ನಡುವೆ ಎದ್ದು ನಿಂತ ಬೆಟ್ಟಸಾಲು, ಅದರಾಚೆ ಮತ್ತೊಂದು ಕಣಿವೆ. ಪೂರ್ವ–ಪಶ್ಚಿಮವಾಗಿ ಓಡಾಡುವವರು ಪ್ರತಿ ಸಲವೂ ಒಂದು ಘಾಟಿ ಹತ್ತಿ ಇಳಿಯಲೇಬೇಕು. ನಾನು ರಾಜಧಾನಿ ಥಿಂಫುವಿನಿಂದ ಪುನಾಖಾಕ್ಕೆ ಹೋದದ್ದು ಡಿಸೆಂಬರಿನಲ್ಲಿ. ದಾರಿ ಎಪ್ಪತ್ತು ಚಿಲ್ಲರೆ ಕಿ.ಮೀ. ಥಿಂಫು 2,300 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಹತ್ತಿ ಹತ್ತಿ 3,100 ಮೀಟರಿನ ದೋಚುಲಾ ಘಾಟಿ ಮುಟ್ಟಿದಾಗ ಚಹಾದ ಲೋಟ ಹಿಡಿದ ಬೆರಳುಗಳಿಗೆ ಬಿಸಿಯೇ ತಾಗಲಿಲ್ಲ, ಅಷ್ಟು ಚಳಿ. ಮುಂದೆ ಎರಡು ಗಂಟೆಯೊಳಗೆ 1,200 ಮೀಟರಿನ ಪುನಾಖಾ ಕಣಿವೆಗೆ ಇಳಿದೆವು. ಗದ್ದೆಯಲ್ಲಿ ಕೊಯ್ದ ಭತ್ತದ ಕೂಳೆ, ಅಂಚಿನಲ್ಲಿ ಬಾಳೆಗಿಡ. ಸ್ವೆಟರ್ ತೆಗೆದು ಚೀಲಕ್ಕೆ ಹಾಕಿದೆ. ಆಗುಂಬೆಯನ್ನು ಇಳಿದವರಿಗೆ ಹವೆ ಬದಲಾಗುವುದು ಗೊತ್ತು. ಇಲ್ಲಿ ಬೆಳೆ, ಬಟ್ಟೆ, ಎಷ್ಟೋ ಕಡೆ ಮಾತು ಕೂಡ ಬದಲಾಗುತ್ತದೆ. ಇಷ್ಟು ಸಣ್ಣ ದೇಶದಲ್ಲಿ ಹತ್ತೊಂಬತ್ತಕ್ಕೂ ಹೆಚ್ಚು ನುಡಿಗಳಿವೆ. ಪಶ್ಚಿಮದವರದು ಜೊಂಗ್ಖಾ, ಪೂರ್ವದವರದು ಛಾಂಗ್ಲಾ, ದಕ್ಷಿಣದ ಬಹುಪಾಲು ಜನರದು ನೇಪಾಳಿ. ಇಂಥ ನೆಲವನ್ನು ಹೊರಗಿನವರು ಗೆಲ್ಲುವುದು ಕಷ್ಟ. ಒಳಗಿನವರಿಗೂ ಒಂದುಗೂಡಿಸುವುದು ಅಷ್ಟೇ ಕಷ್ಟವಾಗಿತ್ತು.

ದಕ್ಷಿಣದ ಅಂಚನ್ನು ಬೇರೆಯಾಗಿಯೇ ನೋಡಬೇಕು. ಬೆಟ್ಟ ಮುಗಿದು ಬಂಗಾಳ–ಅಸ್ಸಾಮಿನ ಬಯಲು ಶುರುವಾಗುವ ಪಟ್ಟಿಗೆ 'ದುವಾರ್' ಎಂದು ಹೆಸರು. ಅದು ನಮ್ಮ 'ದ್ವಾರ'ವೇ. ಬೆಟ್ಟದಿಂದ ಬಯಲಿಗೆ ಇಳಿಯುವ ಹದಿನೆಂಟು ಬಾಗಿಲುಗಳಿದ್ದವು. ಕಾಡು, ಮಲೇರಿಯಾ, ಆದರೆ ಒಳ್ಳೆಯ ಮಣ್ಣು. ಬೆಟ್ಟದವರಿಗೆ ಅಕ್ಕಿ, ಹತ್ತಿ ಬಟ್ಟೆ, ಅಡಿಕೆ ಎಲ್ಲ ಬರುತ್ತಿದ್ದದ್ದು ಅಲ್ಲಿಂದ. ಹೌದು, ಅಡಿಕೆ: ಭೂತಾನಿನಲ್ಲಿ ಎಲೆ, ಅಡಿಕೆ, ಸುಣ್ಣದ 'ದೋಮಾ' ಮೆಲ್ಲದವರು ಕಡಿಮೆ. ಈಗಲೂ ರಸ್ತೆಯಲ್ಲಿ ಹೋಗುವವರು ಆ ದೇಶಕ್ಕೆ ಕಾಲಿಡುವುದು ಬಹುಪಾಲು ಅಂಥದೇ ಒಂದು ಬಾಗಿಲಿನಿಂದ. ಬಂಗಾಳದ ಜೈಗಾಂವ್‌ನಲ್ಲಿ ಆಟೋ, ಹಾರ್ನು, ಬೀದಿ ವ್ಯಾಪಾರದ ಗದ್ದಲ. ಎದುರಿಗೆ ಡ್ರ್ಯಾಗನ್ ಚಿತ್ರಿಸಿದ ಬಣ್ಣದ ಕಮಾನು. ಅದರಾಚೆ ಹತ್ತು ಹೆಜ್ಜೆ ಇಟ್ಟರೆ ಫುಯೆಂಟ್‌ಶೋಲಿಂಗ್. ಅಲ್ಲಿ ರಸ್ತೆ ದಾಟಲು ಕಾಲಿಟ್ಟ ನನ್ನನ್ನು ನೋಡಿ ಟ್ಯಾಕ್ಸಿಯವನು ತಾನೇ ನಿಂತುಕೊಂಡ. ಅಂಗಡಿಯಲ್ಲಿ ನಮ್ಮ ನೂರು ರೂಪಾಯಿ ನೋಟು ಕೊಟ್ಟರೆ ಚಿಲ್ಲರೆ ಅವರ 'ನ್ಗುಲ್ಟ್ರಮ್'ನಲ್ಲಿ ಬಂತು. ಎರಡರ ಬೆಲೆಯೂ ಒಂದೇ, ರೂಪಾಯಿಗೆ ಕಟ್ಟಿಹಾಕಿದ ನಾಣ್ಯ ಅದು.

ಇನ್ನು ಚರಿತ್ರೆ. ಬೈಲಕುಪ್ಪೆಯ ಚಿನ್ನದ ಗುಡಿಗೆ ನಿಮ್ಮ ಶಾಲೆಯ ಮಕ್ಕಳು ಪ್ರವಾಸ ಹೋಗಿಯೇ ಇರುತ್ತಾರೆ. ಅಲ್ಲಿ ಬುದ್ಧನ ಪಕ್ಕದಲ್ಲಿ, ಹೆಚ್ಚುಕಡಿಮೆ ಅಷ್ಟೇ ಎತ್ತರಕ್ಕೆ, ಮೀಸೆಯಿರುವ ಒಂದು ಮೂರ್ತಿಯಿದೆ. ಅದು ಪದ್ಮಸಂಭವ, ಟಿಬೆಟನ್ನರ ಬಾಯಲ್ಲಿ ಗುರು ರಿಂಪೋಚೆ. ಎಂಟನೇ ಶತಮಾನದಲ್ಲಿ ಈ ಗುರು ಹೆಣ್ಣುಹುಲಿಯ ಬೆನ್ನೇರಿ ಹಾರಿಬಂದು ಪಾರೋ ಕಣಿವೆಯ ಬಂಡೆಯ ಗುಹೆಯಲ್ಲಿ ಧ್ಯಾನಕ್ಕೆ ಕುಳಿತರು ಎಂಬುದು ಭೂತಾನಿಗರ ಐತಿಹ್ಯ. ಚಿತ್ರಗಳಲ್ಲಿ ನೀವು ಕಂಡಿರುವ, ಬಂಡೆಗೆ ಅಂಟಿಕೊಂಡಂತಿರುವ ತಕ್ತ್‌ಸಾಂಗ್ ವಿಹಾರ ಇರುವುದು ಅಲ್ಲೇ. ಅದನ್ನು ಕಟ್ಟಿದ್ದು 1692ರಲ್ಲಿ; 1998ರಲ್ಲಿ ಬೆಂಕಿಗೆ ಆಹುತಿಯಾಗಿ, ಮತ್ತೆ ಎದ್ದು ನಿಂತಿದೆ. ಬೌದ್ಧಧರ್ಮ ಹೀಗೆ ಬೇಗನೆ ಬೇರುಬಿಟ್ಟಿತು. ಆದರೆ ದೇಶ ಎಂಬುದು ಇನ್ನೂ ಇರಲಿಲ್ಲ. ಒಂದೊಂದು ಕಣಿವೆಗೂ ಒಬ್ಬೊಬ್ಬ ಯಜಮಾನ, ಒಂದೊಂದು ಪಂಥ.

ಒಂದುಗೂಡಿಸಿದವರು ಟಿಬೆಟಿನಿಂದ ಬಂದ ಒಬ್ಬ ಲಾಮಾ. ಝಬ್‌ದ್ರುಂಗ್ ನಗವಾಂಗ್ ನಮ್‌ಗ್ಯಾಲ್ ದ್ರುಕ್ಪಾ ಪಂಥದ ಗುರುಪೀಠಕ್ಕೆ ಹಕ್ಕುದಾರರು. ಪೀಠದ ಜಗಳದಲ್ಲಿ ಜೀವಕ್ಕೆ ಕುತ್ತು ಬಂದು 1616ರಲ್ಲಿ ದಕ್ಷಿಣಕ್ಕೆ ಬಂದರು. ಆಗ ಅವರಿಗೆ ಇಪ್ಪತ್ತೆರಡು ವರ್ಷ. ಟಿಬೆಟಿನ ಸೈನ್ಯ ಬೆನ್ನಟ್ಟಿ ಬಂದಾಗಲೆಲ್ಲ ಸೋಲಿಸಿ, ಕಣಿವೆ ಕಣಿವೆಗೂ ಒಂದು 'ಜೊಂಗ್' ಕಟ್ಟಿಸುತ್ತ ಹೋದರು. ಜೊಂಗ್ ಎಂದರೆ ಕೋಟೆ ಎಂದು ಅನುವಾದಿಸುತ್ತಾರೆ, ಅದು ಅರ್ಧ ಸತ್ಯ. ಪುನಾಖಾದ ಜೊಂಗ್ ನೋಡಿ, 1637–38ರಲ್ಲಿ ಕಟ್ಟಿದ್ದು. ಫೊ ಛು, ಮೊ ಛು ಎಂಬ ಗಂಡು–ಹೆಣ್ಣು ನದಿಗಳು ಕೂಡುವ ಮೂಲೆಯಲ್ಲಿ, ಮೇಲೆ ಹೋಗುತ್ತ ಒಳಕ್ಕೆ ವಾಲುವ ಸುಣ್ಣ ಬಳಿದ ದಪ್ಪ ಗೋಡೆ. ಒಳಗೆ ಹೋಗಲು ನೆಟ್ಟಗೆ ಹತ್ತುವ ಮರದ ಮೆಟ್ಟಿಲು. ವೈರಿ ಬಂದರೆ ಮೇಲಕ್ಕೆ ಎಳೆದುಕೊಳ್ಳಬಹುದು. ಒಳಗಿನ ಅಂಗಳದ ನಡುವೆ ಎತ್ತರದ ಗೋಪುರ, ಅದರ ಒಂದು ಬದಿಗೆ ಭಿಕ್ಷುಗಳ ವಿಹಾರ, ಇನ್ನೊಂದು ಬದಿಗೆ ಜಿಲ್ಲಾಡಳಿತದ ಕಚೇರಿ. ನಾನು ನಿಂತಿದ್ದಾಗ ಒಂದು ಕಡೆಯಿಂದ ಪಾರಾಯಣದ ದನಿ ಬರುತ್ತಿತ್ತು, ಇನ್ನೊಂದು ಕಡೆ ಜಮೀನಿನ ಕಾಗದ ಹಿಡಿದ ರೈತರು ಸಾಲಾಗಿ ಕೂತಿದ್ದರು. ನಮ್ಮ ತಾಲ್ಲೂಕು ಕಚೇರಿ ಮತ್ತು ಮಠ ಒಂದೇ ಸೂರಿನಡಿ ಇದ್ದ ಹಾಗೆ. ದೇಶಭಾಷೆಯ ಹೆಸರೂ ಇದರಿಂದಲೇ ಬಂದದ್ದು: ಜೊಂಗ್ಖಾ ಎಂದರೆ ಜೊಂಗಿನ ಮಾತು. ದೇಶವನ್ನು ಅವರು ಕರೆಯುವುದು ದ್ರುಕ್ ಯುಲ್, ಡ್ರ್ಯಾಗನ್ನಿನ ನಾಡು ಎಂದು. 'ದ್ರುಕ್' ಎಂದರೆ ಗುಡುಗಿನ ಡ್ರ್ಯಾಗನ್.

ಝಬ್‌ದ್ರುಂಗ್ ಅಧಿಕಾರವನ್ನು ಎರಡು ಕೈಗೆ ಹಂಚಿದರು. ಧರ್ಮಕ್ಕೆ ಜೇ ಖೆನ್ಪೊ, ರಾಜ್ಯಭಾರಕ್ಕೆ ದೇಸಿ, ಇಬ್ಬರ ಮೇಲೆ ತಾವು. 1651ರಲ್ಲಿ ಅವರು ತೀರಿಕೊಂಡರು. ಕಟ್ಟಿದ್ದು ಕುಸಿದೀತೆಂದು ಹೆದರಿದ ಆಪ್ತರು 'ಗುರುಗಳು ಏಕಾಂತ ಧ್ಯಾನದಲ್ಲಿದ್ದಾರೆ' ಎನ್ನುತ್ತ ಸಾವಿನ ಸುದ್ದಿಯನ್ನು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಮುಚ್ಚಿಟ್ಟರು. ಗುಟ್ಟು ಬಯಲಾದ ಮೇಲೆ ಅವರ ಅವತಾರವೆಂದು ಒಪ್ಪಿಕೊಂಡ ಮಕ್ಕಳು ಗುರುಪೀಠದಲ್ಲಿ ಕೂತರು, ನಿಜವಾದ ಅಧಿಕಾರಕ್ಕೆ ದೇಸಿಗಳು ಮತ್ತು 'ಪೆನ್ಲೋಪ್' ಎಂಬ ಪ್ರಾಂತ್ಯಾಧಿಪತಿಗಳು ಬಡಿದಾಡಿದರು. ಎರಡೂವರೆ ಶತಮಾನದಲ್ಲಿ ಐವತ್ತಕ್ಕೂ ಹೆಚ್ಚು ದೇಸಿಗಳು ಬಂದುಹೋದರು. ಹಾಸಿಗೆಯಲ್ಲಿ ಸತ್ತವರಿಗಿಂತ ಕೊಲೆಯಾದವರ, ಪದಚ್ಯುತರಾದವರ ಸುದ್ದಿಯೇ ಆ ಕಾಲದ ಚರಿತ್ರೆಯಲ್ಲಿ ಹೆಚ್ಚು.

ಬ್ರಿಟಿಷರು ಬಂದು ಬಾಗಿಲು ತಟ್ಟಿದ್ದು ಈ ಹೊತ್ತಿನಲ್ಲಿ. ಅವರಿಗೆ ಬೆಟ್ಟ ಬೇಕಿರಲಿಲ್ಲ, ದುವಾರ್ ಬೇಕಿತ್ತು. ಚಹಾ ತೋಟಕ್ಕೆ ಹೇಳಿ ಮಾಡಿಸಿದ ನೆಲ. 1864ರಲ್ಲಿ ಆಶ್ಲಿ ಈಡನ್ ಎಂಬ ಅಧಿಕಾರಿಯನ್ನು ಮಾತುಕತೆಗೆ ಪುನಾಖಾಕ್ಕೆ ಕಳಿಸಿದರು. ತುಂಬಿದ ದರ್ಬಾರಿನಲ್ಲಿ ತನ್ನ ಮುಖಕ್ಕೆ ಹಸಿ ಹಿಟ್ಟು ಮೆತ್ತಿದರು, ಕೂದಲು ಹಿಡಿದೆಳೆದರು, ಬಲವಂತವಾಗಿ ಸಹಿ ಹಾಕಿಸಿದರು ಎಂದು ಆತ ವರದಿ ಬರೆದ. ಯುದ್ಧಕ್ಕೆ ಅಷ್ಟು ಸಾಕಾಯಿತು. ದೇವನ್‌ಗಿರಿಯಲ್ಲಿ ಭೂತಾನಿಗರು ಬ್ರಿಟಿಷ್ ಪಡೆಯನ್ನು ಓಡಿಸಿ ಎರಡು ಫಿರಂಗಿಗಳನ್ನೂ ಕಿತ್ತುಕೊಂಡರು, ಆದರೂ ಕೊನೆಗೆ ಸೋತರು. 1865ರ ನವೆಂಬರಿನ ಸಿಂಚುಲಾ ಒಪ್ಪಂದದಲ್ಲಿ ಹದಿನೆಂಟು ದುವಾರ್‌ಗಳೂ ಕೈಬಿಟ್ಟವು. ಆದರೆ ಒಪ್ಪಂದದ ಇನ್ನೊಂದು ಕಲಮನ್ನು ಮಕ್ಕಳಿಗೆ ತಪ್ಪದೇ ಹೇಳಿ. ಕಿತ್ತುಕೊಂಡ ನೆಲದ ಆದಾಯಕ್ಕೆ ಬದಲಾಗಿ ಬ್ರಿಟಿಷರೇ ಭೂತಾನಿಗೆ ವರ್ಷಕ್ಕೆ ಐವತ್ತು ಸಾವಿರ ರೂಪಾಯಿವರೆಗೆ ಕೊಡಬೇಕು! ಅದೇ ಕಾಲದಲ್ಲಿ ನಮ್ಮ ಮೈಸೂರು ಸಂಸ್ಥಾನ ಬ್ರಿಟಿಷರಿಗೆ ವರ್ಷ ವರ್ಷ ಪೊಗದಿ ಕಟ್ಟುತ್ತಿತ್ತು. ಹಣ ಯಾವ ದಿಕ್ಕಿಗೆ ಹರಿಯುತ್ತಿತ್ತು ಎಂಬುದನ್ನು ನೋಡಿದರೆ ಸಾಕು, ಮೈಸೂರು 1947ರಲ್ಲಿ ಭಾರತದೊಳಗೆ ಬಂದದ್ದೇಕೆ, ಭೂತಾನ್ ಹೊರಗೆ ಉಳಿದದ್ದೇಕೆ ಎಂಬುದು ಅರ್ಧ ತಿಳಿದ ಹಾಗೆ.

ಆ ಯುದ್ಧದಲ್ಲಿ ಮುಂದೆ ನಿಂತಿದ್ದ ಟ್ರೊಂಗ್ಸಾದ ಜಿಗ್ಮೆ ನಮ್‌ಗ್ಯಾಲ್ ಅವರ ಮಗ ಉಗ್ಯೆನ್ ವಾಂಗ್ಚುಕ್. 1885ರಲ್ಲಿ ಥಿಂಫುವಿನ ಚಾಂಗ್ಲಿಮಿಥಾಂಗ್ ಬಯಲಿನಲ್ಲಿ ಎದುರಾಳಿಗಳನ್ನು ಸೋಲಿಸಿ ಒಳಜಗಳಕ್ಕೆ ಕೊನೆ ಹಾಡಿದರು. ಆ ರಣರಂಗದಲ್ಲಿ ಈಗ ಫುಟ್‌ಬಾಲ್ ಕ್ರೀಡಾಂಗಣವಿದೆ, ಪಕ್ಕದಲ್ಲಿ ಬಿಲ್ಲುಗಾರಿಕೆಯ ಅಂಗಳ. ಬಿಲ್ಲುಗಾರಿಕೆ ಅಲ್ಲಿನ ರಾಷ್ಟ್ರೀಯ ಆಟ. ಉಗ್ಯೆನ್ ತಂದೆಗಿಂತ ಬೇರೆ ಲೆಕ್ಕ ಹಾಕಿದರು: ಬ್ರಿಟಿಷರ ಜೊತೆ ಕಾದಾಡಿ ಉಳಿಗಾಲವಿಲ್ಲ, ಸ್ನೇಹದಿಂದ ಉಳಿಯಬಹುದು. 1904ರಲ್ಲಿ ಬ್ರಿಟಿಷ್ ಸೈನ್ಯ ಟಿಬೆಟಿನ ಲ್ಹಾಸಾಕ್ಕೆ ನುಗ್ಗಿದಾಗ ಮಧ್ಯಸ್ಥಿಕೆಗೆ ಜೊತೆಯಲ್ಲಿ ಹೋದರು. 1907ರ ಡಿಸೆಂಬರ್ 17ರಂದು ಪುನಾಖಾದಲ್ಲಿ ಲಾಮಾಗಳು, ಅಧಿಕಾರಿಗಳು, ಊರ ಪ್ರತಿನಿಧಿಗಳು ಸೇರಿ ಅವರನ್ನು ವಂಶಪಾರಂಪರ್ಯದ ದೊರೆಯಾಗಿ ಆರಿಸಿದರು. ಭೂತಾನಿನ ರಾಷ್ಟ್ರೀಯ ದಿನ ಅದೇ. ಅಂದರೆ ಈ ಅರಸೊತ್ತಿಗೆಗೆ ಇನ್ನೂ ನೂರಿಪ್ಪತ್ತು ವರ್ಷ ತುಂಬಿಲ್ಲ, ಅದು ಶುರುವಾದದ್ದೂ ಒಪ್ಪಿಗೆಯ ಕಾಗದದ ಮೇಲೆ. 1910ರ ಪುನಾಖಾ ಒಪ್ಪಂದದಲ್ಲಿ ಬ್ರಿಟಿಷರು ವಾರ್ಷಿಕ ಹಣವನ್ನು ಒಂದು ಲಕ್ಷಕ್ಕೆ ಏರಿಸಿದರು, ಒಳಾಡಳಿತಕ್ಕೆ ಕೈಹಾಕುವುದಿಲ್ಲ ಎಂದರು. ವಿದೇಶ ವ್ಯವಹಾರದಲ್ಲಿ ಮಾತ್ರ ತಮ್ಮ ಸಲಹೆಯಂತೆ ನಡೆಯಬೇಕು ಎಂದರು.

ಈಗ ಸಿಕ್ಕಿಮಿಗೆ ಬನ್ನಿ. ಅಲ್ಲಿಯೂ ಅದೇ ಬೆಟ್ಟ, ಅದೇ ಬೌದ್ಧಧರ್ಮ, ಅಂಥದೇ ಬೌದ್ಧ ರಾಜಮನೆತನ. ಆದರೆ 1889ರಿಂದ ಗ್ಯಾಂಗ್ಟಾಕ್‌ನಲ್ಲಿ ಬ್ರಿಟಿಷ್ ರಾಜಕೀಯ ಅಧಿಕಾರಿ ಕೂತು ಆಡಳಿತವನ್ನೇ ಕೈಗೆ ತೆಗೆದುಕೊಂಡ. ನೇಪಾಳದಿಂದ ಜನ ಬಂದು ನೆಲೆಸುವುದಕ್ಕೆ ದಾರಿಯಾಯಿತು, ಕ್ರಮೇಣ ಅವರೇ ಬಹುಸಂಖ್ಯಾತರಾದರು. 1950ರ ಒಪ್ಪಂದದಲ್ಲಿ ಸಿಕ್ಕಿಮಿನ ರಕ್ಷಣೆ, ವಿದೇಶಾಂಗ, ಸಂಪರ್ಕ ಮೂರೂ ಭಾರತದ ಕೈಗೆ ಬಂದವು. ಆಡಳಿತ ನಡೆಸುತ್ತಿದ್ದವರು ದಿಲ್ಲಿಯಿಂದ ಬಂದ ದಿವಾನರು. ಭೂತಾನಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಎಂದೂ ಕೂರಲಿಲ್ಲ, ದಿವಾನರು ಬರಲಿಲ್ಲ. 1949ರ ಆಗಸ್ಟ್ 8ರಂದು ದಾರ್ಜಿಲಿಂಗ್‌ನಲ್ಲಿ ಸ್ವತಂತ್ರ ಭಾರತ ಭೂತಾನಿನ ಜೊತೆ ಸಹಿ ಹಾಕಿದ ಒಪ್ಪಂದ ಹಳೆಯ ಸಲಹೆಯ ಮಾತನ್ನು ಉಳಿಸಿಕೊಂಡಿತು. ಅದರ ಜೊತೆಗೆ ವಾರ್ಷಿಕ ಐದು ಲಕ್ಷ ರೂಪಾಯಿ, 1865ರಲ್ಲಿ ಹೋದ ದೇವನ್‌ಗಿರಿಯ ನೆಲ ಸ್ವಲ್ಪ ವಾಪಸು. ಒಂದೇ ವರ್ಷದ ಅಂತರದ ಎರಡು ಕಾಗದ. ಒಂದು ಆಶ್ರಿತ ರಾಜ್ಯದ ಜೊತೆಗಿನದು, ಇನ್ನೊಂದು ಬೇರೆಯೇ ದೇಶದ ಜೊತೆಗಿನದು.

ಕಾಗದವೊಂದೇ ಸಾಲದು ಎಂದು ಮನಗಂಡವರು 1952ರಲ್ಲಿ ಪಟ್ಟಕ್ಕೆ ಬಂದ ಮೂರನೇ ದೊರೆ ಜಿಗ್ಮೆ ದೋರ್ಜಿ ವಾಂಗ್ಚುಕ್. ನನ್ನ ಮಟ್ಟಿಗೆ ಇಡೀ ಕಥೆಯ ನಾಯಕ ಇವರೇ. 1953ರಲ್ಲಿ 'ಛೋಗ್ದು' ಎಂಬ ರಾಷ್ಟ್ರೀಯ ಸಭೆ ಕರೆದರು. ಜೀತ ತೆಗೆದುಹಾಕಿದರು. 1958ರಲ್ಲಿ ನೆಹರೂ ಮಗಳು ಇಂದಿರಾ ಜೊತೆ ಬಂದಾಗ ಭೂತಾನಿಗೆ ರಸ್ತೆಯೇ ಇರಲಿಲ್ಲ. ನಾಥುಲಾ ದಾಟಿ, ಟಿಬೆಟಿನ ಚುಂಬಿ ಕಣಿವೆ ಬಳಸಿ, ಕುದುರೆ ಮತ್ತು ಯಾಕ್ ಮೇಲೆ ಪಾರೋ ತಲುಪಿದರು. ಭೂತಾನ್ ಸ್ವತಂತ್ರ ದೇಶವಾಗಿಯೇ ಉಳಿಯಬೇಕೆಂಬುದು ಭಾರತದ ಇಚ್ಛೆ ಎಂದು ಅಲ್ಲಿ ಬಹಿರಂಗವಾಗಿ ಹೇಳಿದರು. ಮರುವರ್ಷ ಟಿಬೆಟಿನಲ್ಲಿ ಚೀನಾ ವಿರುದ್ಧ ದಂಗೆ, ದಲೈ ಲಾಮಾ ಭಾರತಕ್ಕೆ ಬಂದದ್ದು. ಭೂತಾನ್ ಬೆಚ್ಚಿ ಉತ್ತರದ ಬಾಗಿಲು ಮುಚ್ಚಿತು, ಶತಮಾನಗಳ ಉಪ್ಪು–ಉಣ್ಣೆಯ ವ್ಯಾಪಾರ ನಿಂತಿತು. ದಕ್ಷಿಣದ ಬಾಗಿಲು ತೆರೆಯಿತು: 1961ರಲ್ಲಿ ಮೊದಲ ಪಂಚವಾರ್ಷಿಕ ಯೋಜನೆ, ಭಾರತದ ಗಡಿ ರಸ್ತೆ ಸಂಸ್ಥೆಯ 'ದಂತಕ್' ಪಡೆ ಫುಯೆಂಟ್‌ಶೋಲಿಂಗ್‌ನಿಂದ ಕೊರೆದ ರಸ್ತೆ. ಹೇಸರಗತ್ತೆಯ ಮೇಲೆ ಐದಾರು ದಿನ ಹಿಡಿಯುತ್ತಿದ್ದ ದಾರಿ ಒಂದು ದಿನದ್ದಾಯಿತು. ಎಲ್ಲವೂ ಸುಗಮವಿರಲಿಲ್ಲ. 1964ರಲ್ಲಿ ಪ್ರಧಾನಿ ಜಿಗ್ಮೆ ಪಾಲ್ದೆನ್ ದೋರ್ಜಿ ಗುಂಡಿಗೆ ಬಲಿಯಾದರು. ಆದರೂ ದೊರೆ ಒಂದೊಂದೇ ಮೊಳೆ ಹೊಡೆಯುತ್ತ ಬಂದರು: 1962ರಲ್ಲಿ ಏಷ್ಯಾದ ದೇಶಗಳ ಅಭಿವೃದ್ಧಿ ಸಹಕಾರಕ್ಕಿದ್ದ ಕೊಲಂಬೊ ಯೋಜನೆ, 1969ರಲ್ಲಿ ಅಂತರರಾಷ್ಟ್ರೀಯ ಅಂಚೆ ಒಕ್ಕೂಟ, 1971ರ ಸೆಪ್ಟೆಂಬರ್ 21ರಂದು ಭಾರತದ್ದೇ ಬೆಂಬಲದಿಂದ ವಿಶ್ವಸಂಸ್ಥೆಯ ಸದಸ್ಯತ್ವ. ಸಿಕ್ಕಿಮಿಗೆ ಈ ಗುರುತು ಸಿಗಲೇ ಇಲ್ಲ. 1973ರಲ್ಲಿ ಅಲ್ಲಿ ಚೋಗ್ಯಾಲ್ ದೊರೆಯ ವಿರುದ್ಧ ಚಳವಳಿ ಎದ್ದಿತು. 1975ರ ಏಪ್ರಿಲಿನಲ್ಲಿ ಜನಮತಗಣನೆ, ಮೇ ತಿಂಗಳಲ್ಲಿ ಸಿಕ್ಕಿಂ ಭಾರತದ 22ನೇ ರಾಜ್ಯ. ಹುಡುಗಿಯ ಮೊದಲ ಪ್ರಶ್ನೆಗೆ ಉತ್ತರ ಇಷ್ಟು: ಭೂತಾನಿನ ಒಳಾಡಳಿತ ಎಂದೂ ಹೊರಗಿನವರ ಕೈಗೆ ಹೋಗಲಿಲ್ಲ, ಮತ್ತು ಸಿಕ್ಕಿಮಿನ ಬಿಕ್ಕಟ್ಟು ಬರುವ ಹೊತ್ತಿಗೆ ಅದು ಜಗತ್ತಿನ ಸಾಲಿನಲ್ಲಿ ಕುರ್ಚಿ ಹಾಕಿಕೊಂಡು ಕೂತಾಗಿತ್ತು.

ಆದರೆ ಪಾಠವನ್ನು ಇಲ್ಲಿಗೇ ನಿಲ್ಲಿಸಿದರೆ ಮಕ್ಕಳಿಗೆ ಅನ್ಯಾಯ ಮಾಡಿದಂತೆ. ಸಿಕ್ಕಿಂ ಹೋದಾಗ ಭೂತಾನಿನ ನಾಲ್ಕನೇ ದೊರೆ ಜಿಗ್ಮೆ ಸಿಂಗ್ಯೆ ವಾಂಗ್ಚುಕ್ ಅವರಿಗೆ ಹತ್ತೊಂಬತ್ತು ವರ್ಷ. ಪಕ್ಕದ ಬೌದ್ಧ ಅರಸೊತ್ತಿಗೆ ಕಣ್ಣೆದುರೇ ಮುಗಿದಿತ್ತು, ಅಲ್ಲಿ ಬಹುಸಂಖ್ಯಾತರಾಗಿದ್ದವರು ನೇಪಾಳಿ ಮೂಲದವರು. ಭೂತಾನಿನ ದಕ್ಷಿಣದಲ್ಲೂ ನೇಪಾಳಿ ಮಾತಾಡುವ, ಹೆಚ್ಚಾಗಿ ಹಿಂದೂಗಳಾದ 'ಲ್ಹೋಟ್‌ಶಂಪಾ' ಜನರಿದ್ದರು, ಕಾಡು ಕಡಿದು ಏಲಕ್ಕಿ, ಕಿತ್ತಳೆ ಬೆಳೆದ ಶ್ರಮಜೀವಿಗಳು. 1958ರ ಕಾನೂನು ಅವರಿಗೆ ಪೌರತ್ವ ಕೊಟ್ಟಿತ್ತು. 1985ರ ಹೊಸ ಕಾಯ್ದೆ ಅದನ್ನು ಬಿಗಿ ಮಾಡಿತು. 1988ರ ಗಣತಿಯಲ್ಲಿ 1958ರ ಕಂದಾಯದ ರಸೀದಿ ತೋರಿಸಿ ಎಂದರು. ಮೂವತ್ತು ವರ್ಷ ಹಿಂದಿನ ರಸೀದಿ! ನಮ್ಮ ಎಷ್ಟು ರೈತರ ಮನೆಯಲ್ಲಿ ಅಂಥದೊಂದು ಚೀಟಿ ಗೆದ್ದಲು ತಿನ್ನದೆ ಉಳಿದಿದ್ದೀತು? ಉತ್ತರದವರ ಉಡುಪಾದ ಘೋ ಮತ್ತು ಕಿರಾ ಎಲ್ಲರಿಗೂ ಕಡ್ಡಾಯವಾಯಿತು, ಶಾಲೆಗಳಲ್ಲಿ ನೇಪಾಳಿ ಪಾಠ ನಿಂತಿತು. 1990ರಲ್ಲಿ ಪ್ರತಿಭಟನೆಗಳಾದವು, ಬಂಧನ ಮತ್ತು ಹಿಂಸೆ ಹಿಂಬಾಲಿಸಿದವು. ಲಕ್ಷದಷ್ಟು ಜನ ಭಾರತದ ನೆಲ ದಾಟಿ ಪೂರ್ವ ನೇಪಾಳದ ಝಾಪಾ, ಮೊರಂಗ್ ಜಿಲ್ಲೆಗಳ ಏಳು ಶಿಬಿರಗಳಲ್ಲಿ ಬಿದಿರಿನ ಗುಡಿಸಲು ಕಟ್ಟಿಕೊಂಡರು. ದೇಶದ ಜನಸಂಖ್ಯೆ ಎಷ್ಟೆಂದು ಮೇಲೆ ಹೇಳಿದ್ದೇನೆ. ಅದರ ಪಕ್ಕದಲ್ಲಿ ಈ ಲಕ್ಷವನ್ನು ಇಟ್ಟು ನೋಡಿ. ಭೂತಾನ್ ಮತ್ತು ನೇಪಾಳ ಸರ್ಕಾರಗಳ ಮಾತುಕತೆ ಸುತ್ತು ಸುತ್ತಾಗಿ ನಡೆಯಿತು, ವಾಪಸಾತಿ ಆಗಲಿಲ್ಲ. 2007ರ ನಂತರ ಅವರಲ್ಲಿ ಬಹುಪಾಲು ಜನರನ್ನು ಅಮೆರಿಕ ಮತ್ತಿತರ ದೇಶಗಳು ಕರೆದುಕೊಂಡವು. ಹೆದರಿದ ಸಣ್ಣ ದೇಶ ತನ್ನದೇ ಮಕ್ಕಳನ್ನು ಹೊರಹಾಕಿದ ಕಥೆ ಇದು. ದೇಶದ ಏಳಿಗೆಯನ್ನು ಬರೀ ಹಣದಿಂದಲ್ಲ, ಜನರ ನೆಮ್ಮದಿಯಿಂದ ಅಳೆಯಬೇಕೆನ್ನುವ 'ಒಟ್ಟು ರಾಷ್ಟ್ರೀಯ ಸಂತೋಷ' ಎಂಬ ಮಾತನ್ನು ಜಗತ್ತಿಗೆ ಕೊಟ್ಟವರು ಇದೇ ನಾಲ್ಕನೇ ದೊರೆ. ಆ ಮಾತಿಗೆ ನಾನು ಬೆಲೆ ಕೊಡುತ್ತೇನೆ. ಕಾಡು ಉಳಿದದ್ದು, ಶಾಲೆ–ಆಸ್ಪತ್ರೆ ಉಚಿತವಾಗಿ ಸಿಗುವುದು ಅದರ ಫಲ. ಆದರೆ ಝಾಪಾದ ಶಿಬಿರಗಳನ್ನು ಬಿಟ್ಟು ಅದನ್ನು ಕಲಿಸಬೇಡಿ.

ಅದೇ ದೊರೆ ಮಾಡಿದ ಇನ್ನೊಂದು ಕೆಲಸ ಚರಿತ್ರೆಯಲ್ಲಿ ಅಪರೂಪ. ಯಾರೂ ಒತ್ತಾಯಿಸದೆ, ಬೀದಿಯಲ್ಲಿ ಘೋಷಣೆಯಿಲ್ಲದೆ, 1998ರಲ್ಲಿ ದಿನನಿತ್ಯದ ಆಡಳಿತವನ್ನು ಮಂತ್ರಿಮಂಡಲಕ್ಕೆ ಒಪ್ಪಿಸಿದರು. ಸಂವಿಧಾನದ ಕರಡು ಬರೆಸಿ, ಜಿಲ್ಲೆ ಜಿಲ್ಲೆಗೂ ತಂದೆಮಗ ಹೋಗಿ ಓದಿಸಿ ಚರ್ಚೆ ಮಾಡಿಸಿದರು. 'ನೀವೇ ಆಳಿ, ನಮಗೆ ಪಕ್ಷಗಳು ಬೇಡ' ಎಂದು ಅನೇಕರು ಕೇಳಿಕೊಂಡರು. ಒಳ್ಳೆಯ ದೊರೆ ಸಿಗುವುದು ಅದೃಷ್ಟ, ದೇಶವನ್ನು ಅದೃಷ್ಟಕ್ಕೆ ಬಿಡಲಾಗದು ಎಂಬುದು ಅವರ ವಾದದ ಸಾರ. 2006ರ ಡಿಸೆಂಬರಿನಲ್ಲಿ, ಐವತ್ತೊಂದನೇ ವಯಸ್ಸಿನಲ್ಲಿ, ಮಗ ಜಿಗ್ಮೆ ಖೇಸರ್ ನಮ್‌ಗ್ಯೆಲ್ ವಾಂಗ್ಚುಕ್ ಅವರಿಗೆ ಪಟ್ಟ ಬಿಟ್ಟುಕೊಟ್ಟರು. ಜನಕ್ಕೆ ಓಟು ಹಾಕಿ ಅಭ್ಯಾಸವಿಲ್ಲವಲ್ಲ, 2007ರಲ್ಲಿ ಅಣಕು ಚುನಾವಣೆ ನಡೆಸಿದರು. ನೀಲಿ, ಹಸಿರು, ಕೆಂಪು, ಹಳದಿ ಎಂಬ ನಾಲ್ಕು ಕಾಲ್ಪನಿಕ ಪಕ್ಷಗಳು. ಹಳದಿ ದೊರೆಯ ಬಣ್ಣ, ಅದರ ಪ್ರಣಾಳಿಕೆ ಸಂಪ್ರದಾಯದ ರಕ್ಷಣೆ. 47ರಲ್ಲಿ 46 ಸ್ಥಾನ ಹಳದಿಗೇ! 2008ರ ಮಾರ್ಚ್ 24ರಂದು ನಿಜವಾದ ಚುನಾವಣೆ, ಜುಲೈ 18ರಂದು ಸಂವಿಧಾನ ಜಾರಿ.

ಹಾಗಾದರೆ ಆಳುವುದು ಯಾರು? ಪ್ರಧಾನಿ ಮತ್ತು ಅವರ ಮಂತ್ರಿಮಂಡಲ. ರಾಷ್ಟ್ರೀಯ ಸಭೆಯಲ್ಲಿ 47 ಸದಸ್ಯರು. ಚುನಾವಣೆ ಎರಡು ಸುತ್ತು: ಮೊದಲ ಸುತ್ತಿನಲ್ಲಿ ಜನ ಪಕ್ಷಕ್ಕೆ ಓಟು ಹಾಕುತ್ತಾರೆ, ದೇಶಾದ್ಯಂತ ಮೊದಲೆರಡು ಸ್ಥಾನ ಪಡೆದ ಪಕ್ಷಗಳಷ್ಟೇ ಎರಡನೇ ಸುತ್ತಿಗೆ ಹೋಗುತ್ತವೆ. ಗೆದ್ದದ್ದು ಸರ್ಕಾರ, ಸೋತದ್ದು ವಿರೋಧಪಕ್ಷ. ಸಮ್ಮಿಶ್ರದ ಮಾತೇ ಇಲ್ಲ, ಪಕ್ಷಾಂತರಕ್ಕೂ ಅವಕಾಶವಿಲ್ಲ. ಮೇಲ್ಮನೆಯಾದ ರಾಷ್ಟ್ರೀಯ ಪರಿಷತ್ತಿನಲ್ಲಿ 25 ಜನ: ಇಪ್ಪತ್ತು ಜಿಲ್ಲೆಗೆ ಒಬ್ಬೊಬ್ಬರಂತೆ ಪಕ್ಷರಹಿತವಾಗಿ ಆರಿಸಿ ಬಂದವರು, ಐವರು ದೊರೆಯ ನೇಮಕ. ಸಂಸತ್ತಿಗೆ ನಿಲ್ಲುವವರಿಗೆ ಪದವಿ ಕಡ್ಡಾಯ. ಇದು ನನಗೆ ಒಪ್ಪಿಗೆಯಾಗದ ನಿಯಮ. ಹಳ್ಳಿಯ ಎಷ್ಟು ಜನ ಹೆಂಗಸರು, ರೈತರು ಇದರಿಂದ ಹೊರಗುಳಿಯುತ್ತಾರೆ! ಭಿಕ್ಷುಗಳು ರಾಜಕೀಯಕ್ಕಿಂತ ಮೇಲೆಂದು ಓಟು ಹಾಕುವುದಿಲ್ಲ. ಕೆಳಗೆ 205 'ಗೆವೋಗ್'ಗಳು, ನಮ್ಮ ಗ್ರಾಮ ಪಂಚಾಯಿತಿಯ ಹಾಗೆ. ಮುಖ್ಯಸ್ಥ 'ಗುಪ್', ನಮ್ಮಲ್ಲಿಯಂತೆ ಪಕ್ಷದ ಚಿಹ್ನೆಯಿಲ್ಲದ ಚುನಾವಣೆ. ದೊರೆ ರಾಷ್ಟ್ರದ ಮುಖ್ಯಸ್ಥರು. ಅರವತ್ತೈದಕ್ಕೆ ನಿವೃತ್ತರಾಗಲೇಬೇಕು ಎಂದು ಸಂವಿಧಾನವೇ ಹೇಳುತ್ತದೆ. ಸಂವಿಧಾನ ಮೀರಿದರೆ ಸಂಸತ್ತಿನ ಮುಕ್ಕಾಲು ಬಹುಮತ ಮತ್ತು ಜನಮತಗಣನೆಯಿಂದ ಪಟ್ಟದಿಂದ ಇಳಿಸಬಹುದು. ಕಾಗದದ ಮೇಲೆ ಇಷ್ಟು. ನಡವಳಿಕೆಯಲ್ಲಿ ದೊರೆಯ ಮಾತಿಗೆ ಇರುವ ತೂಕ ಯಾವ ಪ್ರಧಾನಿಯ ಮಾತಿಗೂ ಇಲ್ಲ. ಜಮೀನಿಲ್ಲದವರಿಗೆ ಜಮೀನು ಕೊಡುವ 'ಕಿದು' ಎಂಬ ಹಕ್ಕು ಇನ್ನೂ ಅವರದೇ. ಮಕ್ಕಳಿಗೆ ಇದನ್ನು ಕಣ್ಣಿಗೆ ಕಾಣುವಂತೆ ಹೇಳಬೇಕಾದರೆ 'ಕಬ್ನೆ' ಎಂಬ ಉತ್ತರೀಯದ ಬಗ್ಗೆ ಹೇಳಿ. ಜೊಂಗಿನೊಳಗೆ ಕಾಲಿಡುವ ಗಂಡಸರೆಲ್ಲ ಅದನ್ನು ಎಡಹೆಗಲಿನಿಂದ ಇಳಿಬಿಡಬೇಕು. ದೊರೆ ಮತ್ತು ಜೇ ಖೆನ್ಪೊ ಇಬ್ಬರದೇ ಹಳದಿ. ಮಂತ್ರಿಗೆ ಕಿತ್ತಳೆ, ಸಂಸದರಿಗೆ ನೀಲಿ, ನ್ಯಾಯಾಧೀಶರಿಗೆ ಹಸಿರು, ಸಾಮಾನ್ಯ ಪ್ರಜೆಗೆ ಬಿಳಿ.

ಸರ್ಕಾರ ಬದಲಾಗುವುದು ಅಪರೂಪವೇನಲ್ಲ. 2008ರಲ್ಲಿ 47ರಲ್ಲಿ 45 ಸ್ಥಾನ ಗೆದ್ದ ಪಕ್ಷವನ್ನು 2013ರಲ್ಲಿ ಜನ ಸೋಲಿಸಿದರು. ಆಗ ಗೆದ್ದ ತ್ಶೆರಿಂಗ್ ಟೊಬ್ಗೆ ಅವರ ಪಕ್ಷ 2018ರಲ್ಲಿ ಮೊದಲ ಸುತ್ತಿನಲ್ಲೇ ಹೊರಬಿತ್ತು, ವೈದ್ಯರಾದ ಲೋಟೆ ತ್ಶೆರಿಂಗ್ ಪ್ರಧಾನಿಯಾದರು. ಮುಂದಿನ ಚುನಾವಣೆಯಲ್ಲಿ ಅವರದೂ ಮೊದಲ ಸುತ್ತಿಗೇ ಮುಗಿಯಿತು; 2024ರ ಜನವರಿಯಲ್ಲಿ ಟೊಬ್ಗೆ ಮರಳಿ ಬಂದರು. ಮೊದಲ ಚುನಾವಣೆಗೆ ಮುಂಚೆ 'ಪಕ್ಷಗಳು ಬೇಡ' ಎಂದಿದ್ದ ಜನ ಇವರೇ!

ಭಾರತದ ಜೊತೆಗಿನ ನಂಟಿನ ಬಗ್ಗೆಯೂ ಎರಡು ಮಾತು. 2007ರ ಹೊಸ ಒಪ್ಪಂದದಲ್ಲಿ 'ಭಾರತದ ಸಲಹೆಯಂತೆ' ಎಂಬ ಹಳೆಯ ಕಲಮು ಹೋಗಿದೆ. ಆದರೆ ಹಣದ ನಂಟು ಬಿಗಿಯಾಗಿದೆ. ಚುಖಾ (336 ಮೆಗಾವ್ಯಾಟ್), ತಾಲಾ (1,020), ಮಾಂಗ್ದೆಛು (720) ಜಲವಿದ್ಯುತ್ ಯೋಜನೆಗಳು ಭಾರತದ ಹಣ, ಸಾಲದಿಂದ ಎದ್ದವು. ವಿದ್ಯುತ್ ಕೊಳ್ಳುವವರೂ ನಾವೇ. ದೊಡ್ಡ ಜಲಾಶಯವಿಲ್ಲದೆ ಹರಿವ ನೀರಿನ ಮೇಲೆ ನಡೆಯುವ ಸ್ಥಾವರಗಳಾದ್ದರಿಂದ ಚಳಿಗಾಲದಲ್ಲಿ ನದಿ ಸೊರಗಿದಾಗ ಭೂತಾನೇ ನಮ್ಮಿಂದ ವಿದ್ಯುತ್ ಕೊಳ್ಳುತ್ತದೆ. 2013ರ ಚುನಾವಣೆಗೆ ಮುಂಚೆ ಭಾರತ ಅಡುಗೆ ಅನಿಲ ಮತ್ತು ಸೀಮೆಎಣ್ಣೆಯ ಸಬ್ಸಿಡಿ ನಿಲ್ಲಿಸಿದಾಗ ಥಿಂಫುವಿನ ಅಡುಗೆಮನೆಗಳಲ್ಲಿ ಅದೇ ಮಾತು. ಅಂದಿನ ಸರ್ಕಾರ ಸೋಲಲು ಅದೂ ಒಂದು ಕಾರಣವೆಂದು ಅಲ್ಲಿಯ ಅನೇಕರು ನಂಬುತ್ತಾರೆ. ಉತ್ತರದ ನೆರೆಯಾದ ಚೀನಾದ ಜೊತೆ ರಾಯಭಾರ ಸಂಬಂಧವೇ ಇಲ್ಲ, ಗಡಿ ಮಾತುಕತೆ ಮಾತ್ರ 1984ರಿಂದ ನಡೆಯುತ್ತಿದೆ. 2017ರಲ್ಲಿ ಭಾರತ–ಚೀನಾ ಸೈನಿಕರು ಎದುರುಬದುರು ನಿಂತ ಡೋಕ್ಲಾಂ ಪ್ರಸ್ಥಭೂಮಿ ಭೂತಾನ್ ತನ್ನದೆನ್ನುವ ನೆಲ. ಇದಕ್ಕಿಂತ ದೊಡ್ಡ ಚಿಂತೆ ಈಗ ಮನೆಯೊಳಗಿನದು: ಓದಿದ ಹುಡುಗ ಹುಡುಗಿಯರು ಆಸ್ಟ್ರೇಲಿಯಾಕ್ಕೆ ಹೋಗುತ್ತಿದ್ದಾರೆ. ಅವರನ್ನು ಹಿಡಿದಿಡಲೆಂದು ಅಸ್ಸಾಂ ಗಡಿಯ ಗೆಲೆಫು ಬಯಲಿನಲ್ಲಿ ಹೊಸ ನಗರ ಕಟ್ಟುವುದಾಗಿ 2023ರ ಡಿಸೆಂಬರ್ 17ರಂದು ದೊರೆ ಘೋಷಿಸಿದರು. ಆ ಬಯಲು ಹಿಂದೆ ಲ್ಹೋಟ್‌ಶಂಪಾ ರೈತರು ಉತ್ತ ಸೀಮೆ.

ಮುಂದಿನ ಸಲ ಬೈಲಕುಪ್ಪೆಗೆ ಮಕ್ಕಳನ್ನು ಕರೆದುಕೊಂಡು ಹೋದಾಗ ಒಂದು ಕೆಲಸ ಮಾಡಿ. ನಾಮ್‌ಡ್ರೋಲಿಂಗ್ ವಿಹಾರದಲ್ಲಿ ಓದುವ ಭಿಕ್ಷುಗಳಲ್ಲಿ ಭೂತಾನಿನವರೂ ಇದ್ದಾರೆ. ಒಬ್ಬರನ್ನು ಹುಡುಕಿ, ಈ ಹುಡುಗಿಯ ಕೈಗೆ ನಕಾಶೆ ಕೊಟ್ಟು, "ನಿಮ್ಮ ಕಣಿವೆ ಯಾವುದು, ಮನೆಯಿಂದ ಜೊಂಗಿಗೆ ಎಷ್ಟು ದೂರ?" ಎಂದು ಕೇಳಿಸಿ. ಬಹುಶಃ ಅವರು ಕಿಲೋಮೀಟರಿನಲ್ಲಿ ಹೇಳುವುದಿಲ್ಲ, ಎಷ್ಟು ಹೊತ್ತು ನಡೆಯಬೇಕು ಎಂದು ಹೇಳುತ್ತಾರೆ.